ಮೆಲ್ಲಗೆ ಒತ್ತಿ ನೋಡಿ, ಆಮೇಲೆ ದುಡ್ಡು ಕೊಡಿ: ಡಿಜಿಟಲ್ ಪಿಯಾನೋ ಬಗ್ಗೆ ಓದುಗರ ಪ್ರಶ್ನೆಗಳು

ಈ ಸಲ ಬಂದಿರೋ ಪ್ರಶ್ನೆಗಳಲ್ಲಿ ಹೆಚ್ಚಿನವು ಡಿಜಿಟಲ್ ಪಿಯಾನೋ ಬಗ್ಗೇನೇ ಇವೆ, ಅದರಲ್ಲೂ "ಬಜೆಟ್ ಕಡಿಮೆ, ಆದ್ರೆ ಕೀ ಮಾತ್ರ ನಿಜವಾದ ಪಿಯಾನೋ ತರ ಭಾರ ಇರ್ಬೇಕು" ಅನ್ನೋದೇ ಎಲ್ಲರ ಬೇಡಿಕೆ. ಹಾಗಾಗಿ ಇವತ್ತಿನ ಜಾಗ ಪೂರ್ತಿ ಅದಕ್ಕೇ.

ಪ್ರಶ್ನೆ: ಮಗಳಿಗೆ ಹತ್ತು ವರ್ಷ. 61 ಕೀ ಇರೋ ಸಾಧಾರಣ ಕೀಬೋರ್ಡ್‌ನಲ್ಲಿ ಕಲೀತಿದಾಳೆ. ಈಗ ಟೀಚರ್ "ವೇಟೆಡ್ ಕೀ ಇರೋದು ತಗೊಳ್ಳಿ, ಇಲ್ಲಾಂದ್ರೆ ಇಲ್ಲೇ ನಿಂತ್ಬಿಡ್ತಾಳೆ" ಅಂತಿದಾರೆ. ಹುಡುಕೋಕೆ ಹೋದ್ರೆ ಒಂದರ ಮೇಲೆ ಟಚ್ ಸೆನ್ಸಿಟಿವ್, ಇನ್ನೊಂದರ ಮೇಲೆ ಸೆಮಿ ವೇಟೆಡ್, ಮತ್ತೊಂದರ ಮೇಲೆ ಗ್ರೇಡೆಡ್ ಹ್ಯಾಮರ್ ಅಂತಿರತ್ತೆ. ಇವಕ್ಕೆಲ್ಲ ಏನು ವ್ಯತ್ಯಾಸ? ನಿಜವಾಗ್ಲೂ ಬೇಕಾ ಇದು?

ಉತ್ತರ: ಬೇಕು. ಟೀಚರ್ ಹೇಳಿರೋದು ಸರಿಯಾಗೇ ಇದೆ, ಯಾಕೆ ಅನ್ನೋದನ್ನ ಸ್ವಲ್ಪ ಬಿಡಿಸಿ ಹೇಳ್ತೀನಿ, ಯಾಕಂದ್ರೆ ಇದು ಅರ್ಥ ಆದ್ರೆ ಆ ಲೇಬಲ್‌ಗಳೆಲ್ಲ ತಾವಾಗೇ ಅರ್ಥ ಆಗ್ತವೆ.

ನಿಜವಾದ ಪಿಯಾನೋದಲ್ಲಿ ನೀವು ಕೀ ಒತ್ತಿದಾಗ ಒಳಗಡೆ ಒಂದು ಸುತ್ತಿಗೆ ಮೇಲಕ್ಕೆ ಚಿಮ್ಮತ್ತೆ, ತಂತಿಗೆ ಹೊಡೆಯತ್ತೆ, ತಕ್ಷಣ ಹಿಂದಕ್ಕೆ ಬೀಳತ್ತೆ. 1700ರ ಸುಮಾರಿಗೆ ಇಟಲಿಯ ಫ್ಲಾರೆನ್ಸ್‌ನಲ್ಲಿ ಬಾರ್ತೊಲೊಮಿಯೊ ಕ್ರಿಸ್ತೋಫೋರಿ ಮಾಡಿದ್ದು ಇದನ್ನೇ, ಅದಕ್ಕೆ ಮುಂಚಿನ ಹಾರ್ಪ್ಸಿಕಾರ್ಡ್‌ನಲ್ಲಿ ತಂತಿನ ಮೀಟ್ತಿದ್ರು, ಎಷ್ಟು ಜೋರಾಗಿ ಒತ್ತಿದ್ರೂ ಸದ್ದು ಹೆಚ್ಚುಕಮ್ಮಿ ಅಷ್ಟೇ ಬರ್ತಿತ್ತು. ಸುತ್ತಿಗೆ ಬಂದ ಮೇಲೆ ಸದ್ದು ಎಷ್ಟಿರ್ಬೇಕು ಅನ್ನೋದು ಬೆರಳಿನ ಕೈಗೆ ಬಂತು. ಅಂದ್ರೆ ಪಿಯಾನೋ ಕಲಿಯೋದರಲ್ಲಿ ಅರ್ಧ ಭಾಗ ಆ ಸುತ್ತಿಗೆನ ಎಷ್ಟು ವೇಗವಾಗಿ ಎಸೀಬೇಕು ಅನ್ನೋದನ್ನ ಬೆರಳಿಗೆ ರೂಢಿ ಮಾಡೋದೇ. ಹತ್ತು ಬೆರಳಿಗೂ ಬೇರೆ ಬೇರೆ ವೇಗ, ಒಂದೇ ಕೈಯಲ್ಲಿ ಕಿರುಬೆರಳು ರಾಗ ಎತ್ತಿ ಹಿಡೀಬೇಕು, ಹೆಬ್ಬೆರಳು ಅದರಡಿ ಸಣ್ಣಗೆ ಇರ್ಬೇಕು. ಒತ್ತಿದ್ದಕ್ಕೆ ತಿರುಗಿ ತಳ್ಳೋ ಭಾರನೇ ಇಲ್ಲದ ಕೀ ಮೇಲೆ ಇದನ್ನ ಕಲಿಯೋಕೆ ತುಂಬಾನೇ ಕಷ್ಟ.

ಈಗ ಲೇಬಲ್‌ಗೆ ಬರೋಣ. ಟಚ್ ಸೆನ್ಸಿಟಿವ್ ಅಂದ್ರೆ ಕೀ ಕೆಳಗೆ ಸೆನ್ಸರ್ ಇದೆ ಅಂತ ಮಾತ್ರ. ಸಾಮಾನ್ಯವಾಗಿ ಎರಡು ಇರತ್ತೆ, ಕೀ ಇಳಿಯೋವಾಗ ಒಂದು ಮೊದಲು ಇನ್ನೊಂದು ಆಮೇಲೆ ಮುಟ್ಟತ್ತೆ, ಆ ಎರಡರ ಮಧ್ಯದ ಸಮಯ ಅಳೆದು ನೀವು ಎಷ್ಟು ವೇಗವಾಗಿ ಒತ್ತಿದ್ರಿ ಅಂತ ಮೆಷಿನ್ ಲೆಕ್ಕ ಹಾಕತ್ತೆ. ಕೀ ಭಾರಕ್ಕೂ ಇದಕ್ಕೂ ಸಂಬಂಧ ಇಲ್ಲ, ಹಗುರ ಪ್ಲಾಸ್ಟಿಕ್ ಕೀಯಲ್ಲೂ ಇದು ಇರತ್ತೆ. ಸೆಮಿ ವೇಟೆಡ್ ಅಂದ್ರೆ ಸ್ಪ್ರಿಂಗ್ ಜೊತೆ ಒಂದಿಷ್ಟು ತೂಕ ಸೇರಿಸಿರ್ತಾರೆ. ಸ್ಪ್ರಿಂಗಿನ ಗುಣ ಪಿಯಾನೋಗೆ ಉಲ್ಟಾ, ಸ್ಪ್ರಿಂಗ್ ಕೆಳಕ್ಕೆ ಹೋದಷ್ಟೂ ಗಟ್ಟಿ ಆಗ್ತಾ ಹೋಗತ್ತೆ, ಆದ್ರೆ ಪಿಯಾನೋ ಕೀ ಶುರುನಲ್ಲಿ ಭಾರ ಅನ್ಸತ್ತೆ, ಒಂದ್ಸಲ ಹೊರಟ ಮೇಲೆ ತಾನೇ ಇಳಿಯತ್ತೆ. ಹ್ಯಾಮರ್ ಆ್ಯಕ್ಷನ್ ಅಂದ್ರೆ ಪ್ರತಿ ಕೀಗೂ ಒಳಗೆ ತೂಕ ಇರೋ ಒಂದು ಸಣ್ಣ ಸುತ್ತಿಗೆ ಇದೆ, ಅದು ತಂತಿಗೆ ಹೊಡೆಯಲ್ಲ, ಆದ್ರೆ ನೀವು ಒತ್ತಿದಾಗ ಅದನ್ನ ಎತ್ತಲೇಬೇಕು. ಗ್ರೇಡೆಡ್ ಅಂದ್ರೆ ಎಡಗಡೆ ಮಂದ್ರದ ಕೀಗಳು ಹೆಚ್ಚು ಭಾರ, ಬಲಕ್ಕೆ ಹೋದ ಹಾಗೆ ಹಗುರ, ನಿಜವಾದ ಪಿಯಾನೋದಲ್ಲಿ ಇರೋ ಹಾಗೇ. ನಿಮಗೆ ಬೇಕಿರೋದು ಈ ಕೊನೇದು, 88 ಕೀ ಜೊತೆ.

88 ಅನ್ನೋ ನಂಬರ್ ನೋಡಿ ಮಾತ್ರ ದಯವಿಟ್ಟು ತಗೋಬೇಡಿ. ರೋಲ್ಯಾಂಡ್ ಗೋ ಪಿಯಾನೋ 88ರಲ್ಲಿ 88 ಪೂರ್ತಿ ಸೈಜಿನ ಕೀ ಇವೆ, ಸುತ್ತಿಗೆ ಇಲ್ಲ. ಯಮಾಹಾದ ಎನ್‌ಪಿ ಸರಣಿಯಲ್ಲಿ 61 ಇಲ್ಲಾ 76 ಕೀ ಇರತ್ತೆ, ಅದೂ ಹಾಗೇ, ನೋಡೋಕೆ ಪಿಯಾನೋ, ಸದ್ದೂ ಚೆನ್ನಾಗಿದೆ, ಎತ್ತಿದ್ರೆ ಹಗುರ, ಆದ್ರೆ ಹ್ಯಾಮರ್ ಆ್ಯಕ್ಷನ್ ಅಲ್ಲ. ಅವು ಕೆಟ್ಟ ವಾದ್ಯ ಅಂತ ಹೇಳ್ತಿಲ್ಲ, ನಿಮ್ಮ ಮಗಳ ಕೆಲಸಕ್ಕೆ ಅಲ್ಲ ಅಷ್ಟೇ. ಒಂದು ಸುಲಭದ ಸುಳಿವು ಏನಂದ್ರೆ ತೂಕ, 88 ಕೀ ಇದ್ದು ಹ್ಯಾಮರ್ ಇರೋ ಅಗ್ಗದ ಪಿಯಾನೋಗಳು ಸ್ಟ್ಯಾಂಡ್ ಬಿಟ್ಟು ಸಾಮಾನ್ಯವಾಗಿ 10ರಿಂದ 15 ಕೆಜಿ ಇರ್ತವೆ, ಏಳೆಂಟು ಕೆಜಿ ಅಂತ ಬರೆದಿದ್ರೆ ಒಳಗೆ ಸುತ್ತಿಗೆ ಇರೋದು ಅನುಮಾನ.

ಕೊಳ್ಳೋಕೆ ಹೋದಾಗ ಮಗಳನ್ನ ಕರ್ಕೊಂಡು ಹೋಗಿ, ಅವಳೇ ನುಡಿಸಲಿ. ಎಲ್ಲರೂ ಅಂಗಡಿಯಲ್ಲಿ ಜೋರಾಗಿ ನುಡಿಸಿ ನೋಡ್ತಾರೆ, ಜೋರಾಗಿ ನುಡಿಸಿದ್ರೆ ಎಲ್ಲಾ ಪಿಯಾನೋನೂ ಚೆನ್ನಾಗೇ ಕೇಳತ್ತೆ. ಮೆಲ್ಲಗೆ ನುಡಿಸೋಕೆ ಹೇಳಿ. ಅವಳಿಗೆ ಗೊತ್ತಿರೋ ಯಾವುದಾದ್ರೂ ನಿಧಾನದ ಪಾಠನ ಎಷ್ಟು ಸಣ್ಣಗೆ ಆಗತ್ತೋ ಅಷ್ಟು ಸಣ್ಣಗೆ, ಪಕ್ಕದ ಕೋಣೆಯಲ್ಲಿ ಯಾರೋ ಮಲಗಿದ್ದಾರೆ ಅನ್ನೋ ಹಾಗೆ. ಒಂದೆರಡು ಸ್ವರ ನುಂಗಿ ಹೋಗತ್ತಾ, ಮಧ್ಯೆ ಒಂದು ಸ್ವರ ಇದ್ದಕ್ಕಿದ್ದ ಹಾಗೆ ಎಗರತ್ತಾ, ಎಲ್ಲಾ ಒಂದೇ ಮಟ್ಟಕ್ಕೆ ಬರ್ತಿದೆಯಾ ಕೇಳಿ. ನನ್ನ ಪ್ರಕಾರ ಅಗ್ಗದ ಪಿಯಾನೋದಲ್ಲಿ ಒಳ್ಳೇದು ಯಾವುದು ಅಂತ ಹೇಳೋಕೆ ಇದಕ್ಕಿಂತ ದೊಡ್ಡ ಪರೀಕ್ಷೆ ಇಲ್ಲ. ಐನೂರು ಟೋನ್ ಇದೆ, ತಾಳ ಇದೆ, ಲೈಟ್ ಇದೆ ಅನ್ನೋದೆಲ್ಲ ಪಕ್ಕಕ್ಕಿಡಿ, ಅದಕ್ಕೆ ಹಾಕೋ ದುಡ್ಡು ಕೀ ಕಡೆಯಿಂದ ಕಡಿತ ಆಗಿರತ್ತೆ.

ಇನ್ನೊಂದು ಪರೀಕ್ಷೆ ಇದೆ, ಇದನ್ನ ಬಹಳ ಜನ ಮಾಡಲ್ಲ. ಬಿಳಿ ಕೀನ ತುದಿಯಲ್ಲಿ ಒತ್ತಿ ನೋಡಿ, ಆಮೇಲೆ ಅದೇ ಕೀನ ಒಳಗಡೆ, ಎರಡು ಕಪ್ಪು ಕೀಗಳ ಸಂದಿಯಲ್ಲಿ ಒತ್ತಿ ನೋಡಿ. ಒಳಗೆ ಸ್ವಲ್ಪ ಗಟ್ಟಿ ಇದ್ದೇ ಇರತ್ತೆ, ಯಾಕಂದ್ರೆ ಕೀ ತಿರುಗೋ ಜಾಗಕ್ಕೆ ನೀವು ಹತ್ತಿರ ಬಂದಿರ್ತೀರಿ, ಬಾಗಿಲನ್ನ ಕೀಲಿನ ಹತ್ತಿರ ತಳ್ಳಿದ ಹಾಗೆ. ದೊಡ್ಡ (ಗ್ರ್ಯಾಂಡ್) ಪಿಯಾನೋದಲ್ಲಿ ಕೀ ಒಳಗೆ ತುಂಬಾ ಉದ್ದ ಇರತ್ತೆ, ಹಾಗಾಗಿ ವ್ಯತ್ಯಾಸ ಅಷ್ಟಾಗಿ ಗೊತ್ತಾಗಲ್ಲ, ಅಗ್ಗದ ತೆಳ್ಳಗಿನ ಬಾಡಿಯಲ್ಲಿ ಅಷ್ಟು ಉದ್ದಕ್ಕೆ ಜಾಗ ಎಲ್ಲಿ. ಇ ಮೇಜರ್ ಕಾರ್ಡ್ (ಮೂರು ಸ್ವರ ಒಟ್ಟಿಗೆ) ಹಿಡಿಯೋಕೆ ಹೇಳಿ, ಮಧ್ಯದ ಬೆರಳು ಕಪ್ಪು ಕೀ ಮೇಲೆ ಹೋದಾಗ ಕೈ ಒಳಕ್ಕೆ ಜರುಗತ್ತೆ, ಹೆಬ್ಬೆರಳು ಕಿರುಬೆರಳು ಎರಡೂ ಬಿಳಿ ಕೀಯ ಒಳಭಾಗಕ್ಕೆ ಬರ್ತವೆ, ಆಗ ಮೂರೂ ಸ್ವರ ಸಮವಾಗಿ ಬರತ್ತಾ ನೋಡಿ. ಈಗ ಇದು ಬೇಡ ಅನ್ನಿಸಬಹುದು, ಆದ್ರೆ ಶಾರ್ಪು ಫ್ಲಾಟು, ಅಂದ್ರೆ ಕಪ್ಪು ಕೀ, ಜಾಸ್ತಿ ಇರೋ ಪಾಠಗಳು ಬರೋ ಹೊತ್ತಿಗೆ ಇದೇ ದಿನಾ ಕಾಡೋದು.

ಪ್ರಶ್ನೆ: ಸುತ್ತು ಬಳಸು ಬೇಡ, ಹೆಸರು ಹೇಳಿ. ಕಡಿಮೆ ಬಜೆಟ್‌ನಲ್ಲಿ ಯಾವ ಮಾಡೆಲ್ ತಗೊಳ್ಳಲಿ?

ಉತ್ತರ: ಹೇಳ್ತೀನಿ. ಎಲ್ಲಕ್ಕಿಂತ ಕೆಳಗಿನ ಬಜೆಟ್ಟಿನ ಸಾಲಲ್ಲಿ ಬರೋವು ಯಮಾಹಾ ಪಿ-145, ಕ್ಯಾಸಿಯೋ ಸಿಡಿಪಿ-ಎಸ್110, ರೋಲ್ಯಾಂಡ್ ಎಫ್‌ಪಿ-10. ಅದಕ್ಕೆ ಒಂದು ಮೆಟ್ಟಿಲು ಮೇಲೆ ಯಮಾಹಾ ಪಿ-225, ರೋಲ್ಯಾಂಡ್ ಎಫ್‌ಪಿ-30ಎಕ್ಸ್, ಕವಾಯ್ ಇಎಸ್120, ಕ್ಯಾಸಿಯೋ ಪಿಎಕ್ಸ್-ಎಸ್1100.

ಬರೀ ಕೀ ನೋಡಿ ಆರಿಸೋದಾದ್ರೆ ನಾನು ಎಫ್‌ಪಿ-10 ಕಡೆ ವಾಲ್ತೀನಿ. ಕಾರಣ ಏನಂದ್ರೆ ಅದರಲ್ಲಿರೋ ಪಿಎಚ್ಎ-4 ಕೀಬೋರ್ಡೇ ಎಫ್‌ಪಿ-30ಎಕ್ಸ್‌ನಲ್ಲೂ ಇರೋದು, ಅಂದ್ರೆ ಮೇಲಿನ ಮೆಟ್ಟಿಲಿನ ಕೀ ಕೆಳಗಿನ ಮೆಟ್ಟಿಲಲ್ಲೇ ಸಿಗತ್ತೆ. ಹೆಚ್ಚಿನ ದುಡ್ಡಿಗೆ ನಿಮಗೆ ಸಿಗೋದು ದೊಡ್ಡ ಸ್ಪೀಕರ್, ಹೆಚ್ಚು ಪಾಲಿಫೋನಿ (ಒಂದೇ ಸಲಕ್ಕೆ ಎಷ್ಟು ಸ್ವರ ಮೊಳಗಬಹುದು ಅನ್ನೋ ಲೆಕ್ಕ), ಇನ್ನೊಂದಿಷ್ಟು ಸೌಕರ್ಯ. ಎಫ್‌ಪಿ-10ರ ಸ್ಪೀಕರ್ ಸಾಧಾರಣ, ಬಟನ್ನುಗಳೂ ಕಡಿಮೆ, ಹೆಡ್‌ಫೋನ್ ಹಾಕಿ ಅಭ್ಯಾಸ ಮಾಡೋರಿಗೆ ಅದೇನೂ ಅಡ್ಡಿ ಅಲ್ಲ.

ಅದರ ಕೀನ ತುಂಬಾ ನಿಧಾನಕ್ಕೆ ಇಳಿಸಿ ನೋಡಿ, ಇನ್ನೇನು ತಳ ಮುಟ್ಟಬೇಕು ಅನ್ನೋವಾಗ ಬೆರಳಿಗೆ ಒಂದು ಸಣ್ಣ ತಡೆ ಸಿಗತ್ತೆ, ದಾಟಿದ ತಕ್ಷಣ ಬಿಟ್ಟ ಹಾಗೆ ಆಗತ್ತೆ. ದೊಡ್ಡ ಪಿಯಾನೋದಲ್ಲಿ ಸುತ್ತಿಗೆ ಕೀಯಿಂದ ಬಿಡುಗಡೆ ಆಗೋ ಕ್ಷಣದಲ್ಲಿ ಇದೇ ಅನುಭವ ಆಗೋದು, ಇದನ್ನ ಎಸ್ಕೇಪ್‌ಮೆಂಟ್ ಅಂತಾರೆ. ಜೊತೆಗೆ ಮೂರು ಸೆನ್ಸರ್ ಇದೆ, ಅದರಿಂದ ಕೀ ಪೂರ್ತಿ ಮೇಲೆ ಬರೋಕೆ ಮುಂಚೇನೇ ಅದೇ ಸ್ವರನ ಮತ್ತೆ ಒತ್ತಬಹುದು. ಪ್ಯಾರಿಸ್ಸಿನಲ್ಲಿ ಪಿಯಾನೋ ಮಾಡ್ತಿದ್ದ ಸೆಬಾಸ್ಟಿಯನ್ ಎರಾರ್ 1821ರಲ್ಲಿ ಪೇಟೆಂಟ್ ಮಾಡಿಸಿದ್ದು ಇದೇ ಕೆಲಸ ಮಾಡೋ ಯಂತ್ರನ, ಅಲ್ಲಿ ಸನ್ನೆಕೋಲು, ಇಲ್ಲಿ ಸೆನ್ಸರ್.

ಹಾಗಂತ ಉಳಿದವು ತಗೋಬಾರದು ಅಂತಲ್ಲ. ಯಮಾಹಾ ಪಿ-145 ಅಂದ್ರೆ ಹಳೇ ಪಿ-45ರ ಜಾಗಕ್ಕೆ 2023ರಲ್ಲಿ ಬಂದಿದ್ದು, ಕೀ ಸ್ವಲ್ಪ ಹಗುರ, ಬಾಡಿನೂ ಚಿಕ್ಕದು, ಸದ್ದು ಸ್ಪಷ್ಟ. ಜಾಗ ಕಡಿಮೆ ಇದ್ರೆ, ಆಗಾಗ ಎತ್ತಿಡೋದಿದ್ರೆ ಕ್ಯಾಸಿಯೋ ಪಿಎಕ್ಸ್-ಎಸ್1100 ಆಳ 23 ಸೆಂಟಿಮೀಟರ್‌ನಷ್ಟೇ, ಆದ್ರೆ ಮೇಲೆ ಹೇಳಿದ ಸಂದಿ ಪರೀಕ್ಷೆನ ಇದರ ಮೇಲೆ ಮಾಡದೆ ತಗೋಬೇಡಿ. ಕವಾಯ್ ಇಎಸ್120 ಮೃದುವಾದ ಸದ್ದು ಇಷ್ಟಪಡೋರಿಗೆ, ಕೀ ಕಟಕಟ ಅನ್ನೋದೂ ಕಡಿಮೆ. ಎರಡು ಪಿಯಾನೋ ಮಧ್ಯೆ ಮನಸ್ಸು ತೂಗಾಡ್ತಿದ್ರೆ ಯಾವುದರ ಮುಂದೆ ಕೂತಾಗ ಏಳೋಕೆ ಮನಸ್ಸಾಗಲ್ವೋ ಅದನ್ನೇ ತಗೊಳ್ಳಿ, ಅಭ್ಯಾಸ ನಡೆಯೋದು ಅದರ ಮೇಲೇನೇ.

ಪ್ರಶ್ನೆ: ನನಗೆ 58 ವರ್ಷ, ಈಗ ಕಲಿಯೋ ಆಸೆ. ಬೆರಳ ಗಂಟಿನಲ್ಲಿ ಸ್ವಲ್ಪ ನೋವಿದೆ. ಭಾರ ಜಾಸ್ತಿ ಇದ್ದಷ್ಟೂ ಒರಿಜಿನಲ್ ಅಂತಾರೆ, ನಾನು ಅದನ್ನೇ ತಗೋಬೇಕಾ?

ಉತ್ತರ: ಖಂಡಿತ ಬೇಡ. ಭಾರ ಜಾಸ್ತಿ ಆದ್ರೆ ಒರಿಜಿನಲ್ ಅನ್ನೋದೇ ತಪ್ಪು. ಚೆನ್ನಾಗಿ ಹೊಂದಿಸಿದ ದೊಡ್ಡ ಪಿಯಾನೋದಲ್ಲಿ ನಡುವಿನ ಕೀ ತುದಿ ಮೇಲೆ ಸುಮಾರು 50 ಗ್ರಾಂ ಇಟ್ರೆ ಅದು ಮೆಲ್ಲಗೆ ಕೆಳಕ್ಕೆ ಇಳಿಯತ್ತೆ, ಅಷ್ಟೇ. ಕೀ ಇಳಿಯೋ ಆಳ ಸುಮಾರು 10 ಮಿಲಿಮೀಟರ್. ಕೆಲವು ಡಿಜಿಟಲ್ ಪಿಯಾನೋಗಳು ಇದಕ್ಕಿಂತ ಭಾರ ಇರ್ತವೆ, ಅದು ಗುಣ ಅಲ್ಲ. ನಿಮಗೆ ಬೇಕಿರೋದು ಸುತ್ತಿಗೆ ಇರೋ, ಆದ್ರೆ ಹಗುರದ ಕಡೆ ಇರೋ ಕೀ, ಯಮಾಹಾ ಪಿ-145, ಪಿ-225 ಎರಡನ್ನೂ ನುಡಿಸಿ ನೋಡಿ. ಬೆಂಚಿನ ಎತ್ತರಾನೂ ಅಷ್ಟೇ ಮುಖ್ಯ, ಮೊಣಕೈ ಕೀ ಮಟ್ಟಕ್ಕೆ ಬರ್ಬೇಕು, ಕುರ್ಚಿ ತಗ್ಗಿದ್ರೆ ಮಣಿಕಟ್ಟು ಬಾಗಿ ನೋವು ಎಲ್ಲಾ ಬೆರಳಿಗೆ ಬರತ್ತೆ, ಆಮೇಲೆ ಪಿಯಾನೋನ ಬೈಕೊಂಡು ಕೂರ್ತೀವಿ. ಎತ್ತರ ಹೊಂದಿಸೋ ಬೆಂಚಿಗೆ ಸ್ವಲ್ಪ ದುಡ್ಡು ತೆಗೆದಿಡಿ. ಶುರುನಲ್ಲಿ ಹತ್ತು ಹದಿನೈದು ನಿಮಿಷ ಸಾಕು, ಬೆರಳು ದಣಿದ್ರೆ ನಿಲ್ಲಿಸಿ. ದಣಿವು ಬೇರೆ, ನೋವು ಬೇರೆ, ನೋವು ಉಳಿದ್ರೆ ಡಾಕ್ಟ್ರಿಗೆ ತೋರಿಸಿ. ಈ ವಯಸ್ಸಲ್ಲಿ ಶುರು ಮಾಡ್ತಿರೋದು ನಿಜಕ್ಕೂ ಖುಷಿ ಕೊಡ್ತು.

ಪ್ರಶ್ನೆ: ಸೆಟ್ಟಿಂಗ್‌ನಲ್ಲಿ ಟಚ್ ಅನ್ನ ಹಾರ್ಡ್‌ಗೆ ಇಟ್ರೂ ಕೀ ಗಟ್ಟಿ ಆಗ್ತಿಲ್ಲ. ಪಿಯಾನೋ ಹಾಳಾಗಿದೆಯಾ?

ಉತ್ತರ: ಇಲ್ಲ, ಸರಿಯಾಗೇ ಇದೆ. ಆ ಸೆಟ್ಟಿಂಗ್ ಕೀ ಭಾರನ ಮುಟ್ಟೋದೇ ಇಲ್ಲ, ಎಷ್ಟು ವೇಗಕ್ಕೆ ಎಷ್ಟು ಸದ್ದು ಅನ್ನೋ ಲೆಕ್ಕ ಮಾತ್ರ ಬದಲಾಯಿಸತ್ತೆ. ಹಾರ್ಡ್ ಇಟ್ರೆ ದೊಡ್ಡ ಸದ್ದಿಗೆ ಜೋರಾಗಿ ಒತ್ತಬೇಕು, ಸಾಫ್ಟ್ ಇಟ್ರೆ ಸಣ್ಣಗೆ ಒತ್ತಿದ್ರೂ ದೊಡ್ಡ ಸದ್ದು. ಕಲಿಯೋರು ಮೀಡಿಯಂನಲ್ಲೇ ಬಿಡಿ.

ಪ್ರಶ್ನೆ: ಸೆಕೆಂಡ್ ಹ್ಯಾಂಡ್ ತಗೊಂಡ್ರೆ ಒಂದು ಮೆಟ್ಟಿಲು ಮೇಲಿನದೇ ಸಿಗತ್ತೆ ಅಂತಾರೆ. ಏನೇನು ನೋಡ್ಬೇಕು?

ಉತ್ತರ: ನಿಜ, ಸಿಗತ್ತೆ, ಬಹಳಷ್ಟು ಜನ ಆಸೆಯಿಂದ ತಗೊಂಡು ಮೂಲೆಗಿಟ್ಟು ಆಮೇಲೆ ಮಾರ್ತಾರೆ, ಅಂಥದ್ದು ಸಿಕ್ರೆ ಹೊಸದರ ಹಾಗೇ ಇರತ್ತೆ. ಆದ್ರೆ ಫೋಟೋ ನೋಡಿ ದುಡ್ಡು ಕಳಿಸ್ಬೇಡಿ, ಹೋಗಿ ನುಡಿಸಿ. ಎಡದ ತುದಿಯಿಂದ ಬಲದ ತುದಿವರೆಗೆ 88 ಕೀನೂ ಒಂದೊಂದಾಗಿ, 52 ಬಿಳಿ 36 ಕಪ್ಪು, ಯಾವುದನ್ನೂ ಬಿಡದೆ ಒಂದೇ ತರ ಮೆಲ್ಲಗೆ ಒತ್ತಿ. ಯಾವುದಾದ್ರೂ ಒಂದು ಕೀ ಮೆಲ್ಲಗೆ ಒತ್ತಿದ್ರೂ ಕಿರುಚಿದ ಹಾಗೆ ಬಂದ್ರೆ ಅದರ ಕೆಳಗಿನ ರಬ್ಬರ್ ಕಾಂಟ್ಯಾಕ್ಟ್‌ನಲ್ಲಿ ಧೂಳು ಕೂತಿದೆ ಅಥವಾ ಸವೆದಿದೆ ಅಂತ ಅರ್ಥ. ಇದನ್ನ ಕ್ಲೀನ್ ಮಾಡಬಹುದು, ರಬ್ಬರ್ ಪಟ್ಟಿನೂ ಬದಲಾಯಿಸಬಹುದು, ಹಾಗಾಗಿ ಒಂದೆರಡು ಕೀ ಹೀಗಿದ್ರೆ ಹೆದರ್ಬೇಡಿ, ಬೆಲೆ ಇಳಿಸೋಕೆ ಕೇಳಿ. ಆಮೇಲೆ ಕಣ್ಣನ್ನ ಕೀ ಮಟ್ಟಕ್ಕೆ ತಂದು ಪಕ್ಕದಿಂದ ನೋಡಿ, ಒಂದು ಕೀ ಉಳಿದವಕ್ಕಿಂತ ತಗ್ಗಿ ನಿಂತಿದೆಯಾ, ಬಿಟ್ಟಾಗ ಮೇಲೆ ಬರೋಕೆ ಸೋಮಾರಿತನ ಮಾಡತ್ತಾ ಅಂತ. ಅದು ಸುತ್ತಿಗೆ ಅಥವಾ ಕೀ ಮುರಿದಿರೋ ಲಕ್ಷಣ, ರಿಪೇರಿ ದುಬಾರಿ, ಅಂಥದ್ದು ಬಿಟ್ಬಿಡಿ. ವಾಲ್ಯೂಮ್ ಪೂರ್ತಿ ಇಳಿಸಿ ಒಂದ್ಸಲ ನುಡಿಸಿ, ಬರೀ ಕೀಗಳ ಸದ್ದು ಕೇಳತ್ತೆ, ಮೆತ್ತಗೆ ಧಪ್ ಅಂದ್ರೆ ಒಳ್ಳೇದು, ಕೆಲವು ಮಾತ್ರ ಟಕ್ ಟಕ್ ಅಂದ್ರೆ ಆ ಜಾಗದಲ್ಲಿ ಒಳಗಿನ ಮೆತ್ತನೆ ಫೆಲ್ಟ್ ಬಟ್ಟೆ ಸವೆದಿದೆ. ಹೆಡ್‌ಫೋನ್ ಹಾಕಿ ಎರಡೂ ಕಿವಿಗೆ ಬರತ್ತಾ ನೋಡಿ, ಪೆಡಲ್ ಜಾಕ್ ನೋಡಿ, ಅಡಾಪ್ಟರ್ ಒರಿಜಿನಲ್ಲಾ ಕೇಳಿ.

ತೀರಾ ಹಳೇದಾದ್ರೆ, ಹದಿನೈದು ಇಪ್ಪತ್ತು ವರ್ಷದ್ದು, ಎಷ್ಟೇ ಕಡಿಮೆಗೆ ಕೊಟ್ರೂ ನಾನು ಬೇಡ ಅಂತೀನಿ, ಆಗಿನ ಸ್ಯಾಂಪಲ್‌ಗಳು (ಒಳಗಿಟ್ಟಿರೋ ಸ್ವರದ ರೆಕಾರ್ಡಿಂಗ್‌ಗಳು) ಹೆಚ್ಚು ಹೊತ್ತು ಮೊಳಗದೆ ಬೇಗ ಅಡಗಿಹೋಗ್ತವೆ, ಸ್ಪೇರ್ ಸಿಗೋದೂ ಕಷ್ಟ.

ಪ್ರಶ್ನೆ: ಪಾಲಿಫೋನಿ 64 ಸಾಕಾ, 192 ಬೇಕಾ? ಇರೋದೇ ಹತ್ತು ಬೆರಳು ತಾನೇ?

ಉತ್ತರ: ಬೆರಳು ಹತ್ತೇ, ಆದ್ರೆ ಪೆಡಲ್ ಒತ್ತಿ ಹಿಡಿದ್ರೆ ಮೊದಲು ನುಡಿಸಿದ ಸ್ವರಗಳೆಲ್ಲ ಇನ್ನೂ ಮೊಳಗ್ತಾ ಇರ್ತವೆ, ಅವೂ ಲೆಕ್ಕಕ್ಕೆ ಬರ್ತವೆ, ಸ್ಟೀರಿಯೋ ಸದ್ದಿನಲ್ಲಿ ಎಷ್ಟೋ ಸಲ ಒಂದು ಸ್ವರಕ್ಕೆ ಎರಡು ಖರ್ಚಾಗತ್ತೆ. ಮಿತಿ ದಾಟಿದಾಗ ಮೆಷಿನ್ ಹಳೇ ಸ್ವರನ ಸದ್ದಿಲ್ಲದೆ ಕತ್ತರಿಸತ್ತೆ. ಮೊದಲ ಎರಡು ಮೂರು ವರ್ಷದ ಪಾಠಗಳಿಗೆ 64 ಸಾಕು. ಪೆಡಲ್ ತುಂಬಾ ಇರೋ ಶೋಪಾನ್, ಡೆಬ್ಯೂಸಿ ಕೃತಿಗಳ ಮಟ್ಟಕ್ಕೆ ಹೋಗ್ತೀವಿ ಅನ್ನೋರು 128 ದಾಟಿದ್ದು ನೋಡಿ. ಆದ್ರೆ ಒಳ್ಳೇ ಕೀ ಜೊತೆ 96, ಸಾಧಾರಣ ಕೀ ಜೊತೆ 192 ಅಂತ ಎರಡು ಎದುರಿಗಿದ್ರೆ ನಾನು ಯೋಚನೆ ಮಾಡದೆ ಮೊದಲನೇದೇ ತಗೊಳ್ತೀನಿ.

ಪ್ರಶ್ನೆ: ಹೆಡ್‌ಫೋನ್ ಹಾಕೇ ನುಡಿಸ್ತೀನಿ, ಆದ್ರೂ ಕೆಳಗಿನ ಮನೆಯವರು ಸದ್ದು ಬರತ್ತೆ ಅಂತಾರೆ. ಹೇಗೆ ಸಾಧ್ಯ?

ಉತ್ತರ: ಅವರು ಹೇಳ್ತಿರೋದು ಸುಳ್ಳಲ್ಲ. ಸುತ್ತಿಗೆ ಇರೋ ಕೀ ತಳಕ್ಕೆ ತಾಗಿದಾಗಲೆಲ್ಲ ಆ ಪೆಟ್ಟು ಸ್ಟ್ಯಾಂಡ್ ಕಾಲಿನಿಂದ ನೆಲಕ್ಕಿಳಿಯತ್ತೆ, ನಿಮಗೆ ಹೆಡ್‌ಫೋನ್‌ನಲ್ಲಿ ಸಂಗೀತ, ಅವರಿಗೆ ಸೂರಿನ ಮೇಲೆ ಬರೀ ಧಪ ಧಪ. ಕಾಲುಗಳ ಕೆಳಗೆ ದಪ್ಪ ರಬ್ಬರ್ ಮ್ಯಾಟ್ ಹಾಕಿ, ಅದರ ಮೇಲೆ ಒಂದು ಮರದ ಹಲಗೆ, ಅದರ ಮೇಲೆ ಸ್ಟ್ಯಾಂಡ್, ಬರೀ ತೆಳು ಕಾರ್ಪೆಟ್ಟಿನಿಂದ ಏನೂ ಆಗಲ್ಲ. ಅಲ್ಲಾಡೋ ಎಕ್ಸ್ ಆಕಾರದ ಸ್ಟ್ಯಾಂಡ್ ಇದ್ರೆ ನಾಲ್ಕು ಕಾಲಿನ ಗಟ್ಟಿ ಸ್ಟ್ಯಾಂಡ್‌ಗೆ ಬದಲಾಯಿಸಿ, ಮೊಣಕಾಲಿಗೂ ಜಾಗ ಸಿಗತ್ತೆ. ಇನ್ನೊಂದು, ಹೆಡ್‌ಫೋನ್ ವಾಲ್ಯೂಮ್ ತೀರಾ ಕಡಿಮೆ ಇಟ್ಕೊಂಡ್ರೆ ಸದ್ದು ಸಾಲದು ಅಂತ ಗೊತ್ತಿಲ್ಲದೇನೇ ಜೋರಾಗಿ ಕುಟ್ತೀವಿ, ಅದನ್ನ ಹಿತವಾಗಿ ಕೇಳೋಷ್ಟು ಏರಿಸಿ, ಕೈ ತಾನೇ ಮೆತ್ತಗಾಗತ್ತೆ.

ಪ್ರಶ್ನೆ: ಬ್ಲೂಟೂತ್ ಇರೋ ಪಿಯಾನೋ ತಗೊಂಡೆ, ನನ್ನ ಬ್ಲೂಟೂತ್ ಹೆಡ್‌ಫೋನ್ ಕನೆಕ್ಟ್ ಆಗ್ತಿಲ್ಲ.

ಉತ್ತರ: ಆಗಲ್ಲ. ಕೆಲವು ಪಿಯಾನೋದಲ್ಲಿ ಬ್ಲೂಟೂತ್ ಅಂದ್ರೆ ಆ್ಯಪ್ ಜೊತೆ ಮಾತಾಡೋ ಮಿಡಿ (ಯಾವ ಕೀ ಒತ್ತಿದ್ರಿ ಅನ್ನೋ ಮಾಹಿತಿ, ಸದ್ದಲ್ಲ) ಮಾತ್ರ, ಎಫ್‌ಪಿ-10 ಹಾಗೇ. ಇನ್ನು ಕೆಲವುಗಳಲ್ಲಿ ಆಡಿಯೋ ಇದ್ರೂ ಅದು ಫೋನಿನ ಹಾಡು ಪಿಯಾನೋ ಸ್ಪೀಕರ್‌ನಲ್ಲಿ ಕೇಳೋಕೆ, ಹೊರಗೆ ಕಳಿಸೋಕಲ್ಲ. ಹೇಗೋ ಜೋಡಿಸಿದ್ರೂ ಕೀ ಒತ್ತಿದ್ದಕ್ಕೂ ಸದ್ದು ಬರೋದಕ್ಕೂ ತಡ ಆಗತ್ತೆ, ಬೆರಳು ಮುಂದೆ ಸ್ವರ ಹಿಂದೆ, ನುಡಿಸೋಕೇ ಆಗಲ್ಲ. ವೈರ್ ಇರೋದೇ ತಗೊಳ್ಳಿ.

ಪ್ರಶ್ನೆ: ಜೊತೆಗೆ ಕೊಟ್ಟಿರೋ ಚೌಕಾಕಾರದ ಪುಟ್ಟ ಪೆಡಲ್ ಜಾರ್ತಾ ಇರತ್ತೆ. ಅದೂ ಅಲ್ದೆ ಇವತ್ತು ಉಲ್ಟಾ ಕೆಲಸ ಮಾಡ್ತಿದೆ, ಒತ್ತಿದ್ರೆ ಸ್ವರ ನಿಲ್ಲತ್ತೆ, ಬಿಟ್ರೆ ಮೊಳಗತ್ತೆ.

ಉತ್ತರ: ಉಲ್ಟಾ ಆಗಿರೋದಕ್ಕೆ ಕಾರಣ ಸುಲಭ, ಆನ್ ಮಾಡೋವಾಗ ಕಾಲು ಪೆಡಲ್ ಮೇಲೆ ಇದ್ದಿರ್ಬೇಕು, ಕೆಲವು ಪಿಯಾನೋ ಆನ್ ಆದ ಕ್ಷಣದ ಸ್ಥಿತಿನೇ "ಬಿಟ್ಟಿರೋದು" ಅಂತ ತಿಳ್ಕೊಳ್ಳತ್ತೆ. ಆಫ್ ಮಾಡಿ, ಪೆಡಲ್ ಮುಟ್ಟದೆ ಆನ್ ಮಾಡಿ. ಬೇರೆ ಕಂಪನಿ ಪೆಡಲ್ ಆದ್ರೆ ಅದರ ತಳದಲ್ಲಿ ಒತ್ತಿದ್ದು ಬಿಟ್ಟಿದ್ದು ಅದಲು ಬದಲು ಮಾಡೋ ಪೋಲಾರಿಟಿ ಸ್ವಿಚ್ ಇರಬಹುದು, ಅದನ್ನ ಇನ್ನೊಂದು ಕಡೆಗೆ ತಳ್ಳಿ.

ಜಾರೋದಕ್ಕೆ ಮಾತ್ರ ಬದಲಾಯಿಸೋದೇ ದಾರಿ, ಬದಲಾಯಿಸೋವಾಗ ಲೋಹದ ಉದ್ದ ನಾಲಗೆ ಇರೋ, ಪಿಯಾನೋ ಪೆಡಲ್ ಆಕಾರದ್ದೇ ತಗೊಳ್ಳಿ. ಆ ಪುಟ್ಟ ಚೌಕ ಬರೀ ಸ್ವಿಚ್ಚು, ಆನ್ ಇಲ್ಲಾ ಆಫ್. ಹಾಫ್ ಪೆಡಲ್ ಗೊತ್ತಾಗೋ ಪೆಡಲ್‌ನಲ್ಲಿ ಅರ್ಧ ಒತ್ತಿದ್ರೆ ಸ್ವರ ಅರ್ಧ ಮಾತ್ರ ಉಳಿಯತ್ತೆ, ನಿಜವಾದ ಪಿಯಾನೋದಲ್ಲಿ ಡ್ಯಾಂಪರ್ (ಸ್ವರ ನಿಲ್ಲಿಸೋಕೆ ತಂತಿ ಮೇಲೆ ಕೂರೋ ಫೆಲ್ಟ್ ತುಂಡು) ತಂತಿಗೆ ಸವರಿಕೊಂಡು ನಿಂತ ಹಾಗೆ. ತಗೊಳ್ಳೋಕೆ ಮುಂಚೆ ನಿಮ್ಮ ಪಿಯಾನೋ ಮ್ಯಾನುಯಲ್‌ನಲ್ಲಿ ಹಾಫ್ ಪೆಡಲ್ ಇದೆಯಾ, ಯಾವ ಪೆಡಲ್ ಮಾಡೆಲ್ ಹೊಂದತ್ತೆ ಅಂತ ಬರೆದಿರತ್ತೆ, ನೋಡ್ಕೊಳ್ಳಿ, ಒಂದು ಕಂಪನಿಯ ಹಾಫ್ ಪೆಡಲ್ ಇನ್ನೊಂದರಲ್ಲಿ ಎಷ್ಟೋ ಸಲ ಸರಿಯಾಗಿ ನಡೆಯಲ್ಲ. ಹೊಸ ಪೆಡಲ್ ಬಂದ ಮೇಲೆ ಹಿಮ್ಮಡಿ ನೆಲಕ್ಕೆ ಊರಿ, ಪಾದದ ಮುಂಭಾಗದಿಂದ ಮಾತ್ರ ಒತ್ತಿ, ಇಡೀ ಕಾಲು ಎತ್ತಿ ಎತ್ತಿ ತುಳಿಯೋ ಅಭ್ಯಾಸ ಈ ಪುಟ್ಟ ಸ್ವಿಚ್ಚಿನಿಂದಲೇ ಬಂದಿರತ್ತೆ, ಅದನ್ನ ಬಿಡಿಸೋಕೆ ಒಂದೆರಡು ವಾರ ಹಿಡಿಯತ್ತೆ.